ಫ್ರಿಡ್ಜ್ ಹಿಂದಿನ ಚೀಟಿ ಮತ್ತು ಜಗತ್ತು ಒಂದಾಗುವ ಲೆಕ್ಕ

ಬಾಹ್ಯಾಕಾಶದ ವಿಡಿಯೊ ನೋಡುವ ಹುಚ್ಚಿದ್ದವರಿಗೆ 0.73 ಎನ್ನುವ ಅಂಕಿ ಎಲ್ಲೋ ಒಂದು ಕಡೆ ಸಿಕ್ಕೇ ಇರುತ್ತದೆ. ಅದು ಮನುಷ್ಯರಿಗೆಲ್ಲ ಸೇರಿ ಬಂದಿರುವ ಮಾರ್ಕ್ಸು. 1964ರಲ್ಲಿ ನಿಕೊಲಾಯ್ ಕಾರ್ದಶೆವ್ ಎಂಬ ಸೋವಿಯತ್ ಖಗೋಳ ವಿಜ್ಞಾನಿ ನಾಗರಿಕತೆಗಳನ್ನು ಅವು ಬಳಸುವ ಶಕ್ತಿ ನೋಡಿ ಮೂರು ದರ್ಜೆಯಾಗಿ ವಿಂಗಡಿಸಿದರು. ನಡುವಿನ ಅಂಕಗಳನ್ನೂ ಕೊಡುವ ಸೂತ್ರವನ್ನು ಆಮೇಲೆ ಕಾರ್ಲ್ ಸೇಗನ್ ಹಾಕಿಕೊಟ್ಟರು. ಒಂದನೇ ದರ್ಜೆ ಅಂದರೆ ಒಂದು ಇಡೀ ಗ್ರಹದ ಮಟ್ಟದ ಶಕ್ತಿ ಕೈಯಲ್ಲಿರುವವರು. ನಾವು 0.73. ಕೇಳೋಕೆ ಮುಕ್ಕಾಲು ದಾರಿ ಬಂದುಬಿಟ್ಟ ಹಾಗಿದೆ, ಅಲ್ವಾ? ಇಲ್ಲ, ಇದು ಲಾಗರಿದಮ್ ಲೆಕ್ಕ, ಅಂಕ ಸ್ವಲ್ಪ ಏರೋಕೂ ಶಕ್ತಿ ಎಷ್ಟೋ ಪಟ್ಟು ಏರಬೇಕು. ಜಗತ್ತು ಈಗ ಬಳಸುತ್ತಿರುವುದು ಸುಮಾರು 20 ಟೆರಾವ್ಯಾಟ್, ಅಂದರೆ 20 ಲಕ್ಷ ಕೋಟಿ ವ್ಯಾಟ್. ಸೇಗನ್ ಸೂತ್ರದ ಪ್ರಕಾರ ಒಂದು ಮುಟ್ಟೋಕೆ ಅದರ 500 ಪಟ್ಟು ಬೇಕು.

ನನಗಂತೂ ಈ ಅಂಕದ ಮೇಲೆ ಅಷ್ಟು ನಂಬಿಕೆ ಇಲ್ಲ. ಎಷ್ಟು ಬಳಸುತ್ತೀರಿ ಅಂತ ಮಾತ್ರ ಅದು ಕೇಳುತ್ತದೆ. ಎಲ್ಲಿಂದ ತಂದಿರಿ, ಯಾರ ಪಾಲು ಕಿತ್ತುಕೊಂಡಿರಿ, ತಂದದ್ದಕ್ಕೆ ಏನನ್ನು ಹಾಳು ಮಾಡಿದಿರಿ ಅಂತ ಕೇಳುವುದಿಲ್ಲ. ನಾಳೆಯಿಂದ ಎಲ್ಲರೂ ಸೇರಿ ಎರಡು ಪಟ್ಟು ಕಲ್ಲಿದ್ದಲು ಸುಟ್ಟರೂ ಅಂಕ ಏರುತ್ತದೆ. ಕರೆಂಟ್ ಬಿಲ್ ಜಾಸ್ತಿ ಬಂತು, ಆದ್ದರಿಂದ ಈ ಮನೆಯಲ್ಲಿ ಸಂಸಾರ ಚೆನ್ನಾಗಿದೆ ಅಂದ ಹಾಗೆ. ಒಂದೇ ಗ್ರಹದ ಮೇಲಿರುವವರು ಹೊಂದಿಕೊಂಡು ಬಾಳೋದು ಕಲಿತಿದ್ದಾರಾ ಅಂತ ತಿಳಿಯೋಕೆ ನಾನು ನೋಡುವ ಜಾಗ ಬೇರೆ. ಫ್ರಿಡ್ಜ್ ಹಿಂಭಾಗ.

ಸುಮ್ನೆ ಹೇಳುತ್ತಿಲ್ಲ, ಹೋಗಿ ನೋಡಿ. ಕಂಪ್ರೆಸರ್ ಹತ್ತಿರವೋ ಒಳಗಿನ ಗೋಡೆಯ ಮೇಲೋ ಒಂದು ಚೀಟಿ ಅಂಟಿಸಿರುತ್ತಾರೆ. ಈಚಿನ ಫ್ರಿಡ್ಜ್ ಆದರೆ ಅದರಲ್ಲಿ ಬಹುಪಾಲು ಆರ್-600ಎ ಅಂತ ಇರುತ್ತದೆ. ಫ್ರಿಡ್ಜನ್ನು ತಂಪು ಮಾಡುವ ಗ್ಯಾಸಿನ ಹೆಸರು ಅದು. ಐಸೊಬ್ಯುಟೇನ್, ಅಡುಗೆ ಗ್ಯಾಸಿನ ದಾಯಾದಿ. ನಮ್ಮ ಅಪ್ಪ ಅಮ್ಮಂದಿರು 90ರ ದಶಕದ ಶುರುವಿನಲ್ಲಿ ಕಂತು ಕಟ್ಟಿ ತಂದ, ಮೇಲೆ ಕ್ರೋಷಾ ಬಟ್ಟೆ ಹೊದಿಸಿಟ್ಟಿದ್ದ ಫ್ರಿಡ್ಜುಗಳಲ್ಲಿ ಇದ್ದದ್ದು ಆರ್-12, ಅಂದರೆ ಕ್ಲೋರಿನ್, ಫ್ಲೋರಿನ್, ಇಂಗಾಲ ಸೇರಿದ ಸಿಎಫ್‌ಸಿ. ಆ ಗ್ಯಾಸನ್ನು ಇವತ್ತು ಜಗತ್ತಿನ ಯಾವ ದೇಶವೂ ಹೊಸ ಫ್ರಿಡ್ಜಿಗೆ ತುಂಬುವ ಹಾಗಿಲ್ಲ. ಅಮೆರಿಕ, ರಷ್ಯಾ, ಇರಾನ್, ಇಸ್ರೇಲ್, ಉತ್ತರ ಕೊರಿಯಾ, ಭಾರತ, ಪಾಕಿಸ್ತಾನ, ಎಲ್ಲರೂ ಮಾಂಟ್ರಿಯಲ್ ಒಪ್ಪಂದ ಎಂಬ ಒಂದೇ ಕಾಗದಕ್ಕೆ ಒಪ್ಪಿದ್ದಾರೆ. ಒಟ್ಟು 198 ಸದಸ್ಯರು. ಮಕ್ಕಳ ಹಕ್ಕುಗಳ ಒಪ್ಪಂದಕ್ಕೂ ಇಷ್ಟು ಒಮ್ಮತ ಬಂದಿಲ್ಲ. ಅಮೆರಿಕ ಅದನ್ನು ಇನ್ನೂ ಅನುಮೋದಿಸಿಲ್ಲ.

ಹಾಗಾದರೆ ಒಂದು ಗ್ಯಾಸಿನ ವಿಷಯದಲ್ಲಿ ಜಗತ್ತು ಹೇಗೆ ಒಂದಾಯಿತು? ಒಳ್ಳೇತನದಿಂದ ಅಂತೂ ಅಲ್ಲ.

ಕಥೆ ಶುರುವಾಗೋದು 1928ರಲ್ಲಿ. ಅದಕ್ಕೂ ಮುಂಚೆ ಫ್ರಿಡ್ಜುಗಳಲ್ಲಿ ಅಮೋನಿಯಾ, ಸಲ್ಫರ್ ಡೈಆಕ್ಸೈಡ್, ಮೀಥೈಲ್ ಕ್ಲೋರೈಡ್ ಇರುತ್ತಿತ್ತು. ಲೀಕ್ ಆದರೆ ಜನ ಸಾಯುತ್ತಿದ್ದರು. ಜನರಲ್ ಮೋಟಾರ್ಸ್‌ನ ಥಾಮಸ್ ಮಿಜ್ಲಿ ವಿಷವಲ್ಲದ, ಬೆಂಕಿ ಹಿಡಿಯದ, ವಾಸನೆಯೂ ಇಲ್ಲದ ಸಿಎಫ್‌ಸಿಯನ್ನು ಕಂಡುಹಿಡಿದರು. ಸಭೆಯೊಂದರಲ್ಲಿ ಆ ಗ್ಯಾಸನ್ನು ತಾವೇ ಉಸಿರೆಳೆದುಕೊಂಡು, ಹೊರಗೆ ಊದಿ ಮೇಣದ ಬತ್ತಿ ಆರಿಸಿ ತೋರಿಸಿದರು. (ಪೆಟ್ರೋಲಿಗೆ ಸೀಸ ಬೆರೆಸುವ ಐಡಿಯಾ ಕೂಡ ಇದೇ ಮಹಾಶಯರದ್ದು. ಒಬ್ಬನೇ ಮನುಷ್ಯ ಗಾಳಿಗೆ ಇಷ್ಟು ಕೆಡುಕು ಮಾಡಿದ ಇನ್ನೊಂದು ಉದಾಹರಣೆ ನನಗಂತೂ ಗೊತ್ತಿಲ್ಲ. ಆದರೆ ಪಾಪ, ಸಿಎಫ್‌ಸಿ ವಿಷಯದಲ್ಲಿ ಅವರು ಮಾಡಲು ಹೊರಟದ್ದು ಜನರ ಜೀವ ಉಳಿಸುವ ಕೆಲಸ.)

1974ರಲ್ಲಿ ಕ್ಯಾಲಿಫೋರ್ನಿಯಾದ ಇಬ್ಬರು ರಸಾಯನ ವಿಜ್ಞಾನಿಗಳು, ಮಾರಿಯೊ ಮೊಲಿನಾ ಮತ್ತು ಶೆರ್‌ವುಡ್ ರೋಲಂಡ್, ಒಂದು ಸರಳ ಪ್ರಶ್ನೆ ಹಾಕಿಕೊಂಡರು. ಯಾವುದರ ಜೊತೆಗೂ ಬೆರೆಯದ ಈ ಗ್ಯಾಸ್ ಕೊನೆಗೆ ಎಲ್ಲಿಗೆ ಹೋಗುತ್ತದೆ? ಮೇಲಕ್ಕೆ ಹೋಗುತ್ತದೆ. ಅಲ್ಲಿ ಬಿಸಿಲಿನ ಅತಿನೇರಳೆ ಕಿರಣಕ್ಕೆ ಸಿಕ್ಕಿ ಒಡೆದು ಕ್ಲೋರಿನ್ ಬಿಡುತ್ತದೆ. ಆ ಕಿರಣಗಳಿಂದ ನಮ್ಮನ್ನು ಕಾಯುವುದು ಅಲ್ಲಿರುವ ಓಝೋನ್ ಪದರ. ಒಂದೊಂದು ಕ್ಲೋರಿನ್ ಪರಮಾಣು ಒಂದು ಲಕ್ಷದವರೆಗೆ ಓಝೋನ್ ಅಣುಗಳನ್ನು ಮುರಿಯಬಲ್ಲದು. ಕಂಪನಿಗಳು ಇದನ್ನು ಬರೀ ಊಹೆ ಎಂದವು. ಆದರೂ ಅಮೆರಿಕ 1978ರಲ್ಲಿ ಸ್ಪ್ರೇ ಡಬ್ಬಿಗಳಿಗೆ ಸಿಎಫ್‌ಸಿ ತುಂಬುವುದನ್ನು ನಿಲ್ಲಿಸಿತು. ಮೊಲಿನಾ, ರೋಲಂಡ್ ಅವರಿಗೆ ಪಾಲ್ ಕ್ರುಟ್ಸನ್ ಜೊತೆ ನೊಬೆಲ್ ಬಂದದ್ದು 1995ರಲ್ಲಿ.

ನಿಜವಾದ ಪೆಟ್ಟು ಬಿದ್ದದ್ದು 1985ರ ಮೇ ತಿಂಗಳಲ್ಲಿ. ಅಂಟಾರ್ಕ್ಟಿಕಾದ ಹ್ಯಾಲಿ ನೆಲೆಯಲ್ಲಿ ಬ್ರಿಟಿಷರು 1950ರ ದಶಕದಿಂದ ಒಂದು ಹಳೇ ಕಾಲದ ಉಪಕರಣ ಇಟ್ಟುಕೊಂಡು ಓಝೋನ್ ಅಳೆಯುತ್ತಾ ಕೂತಿದ್ದರು. ಇದರಿಂದ ಏನು ಉಪಯೋಗ ಅಂತ ಯಾರಾದರೂ ಕೇಳಿದ್ದರೆ ಉತ್ತರ ಕೊಡೋಕೆ ಅವರಿಗೂ ಕಷ್ಟವಾಗುತ್ತಿತ್ತೇನೋ. ಜೋ ಫಾರ್ಮನ್ ಮತ್ತು ಅವರ ಇಬ್ಬರು ಸಂಗಡಿಗರು ಲೆಕ್ಕ ಹಾಕಿ ನೋಡಿದಾಗ, ಅಲ್ಲಿನ ವಸಂತದಲ್ಲಿ, ಅಂದರೆ ಅಕ್ಟೋಬರಿನಲ್ಲಿ, ತಲೆ ಮೇಲಿನ ಓಝೋನ್ ಮೂರರಲ್ಲೊಂದು ಪಾಲಿಗಿಂತ ಜಾಸ್ತಿ ಕಾಣೆಯಾಗಿತ್ತು. ತಮಾಷೆ ಅಂದರೆ ಅಮೆರಿಕದ ಉಪಗ್ರಹವೂ ಇದನ್ನು ದಾಖಲಿಸಿತ್ತು. ಆದರೆ ಅಷ್ಟು ಕಡಿಮೆ ಅಂಕಿ ಬಂದರೆ ಅನುಮಾನದ ಗುರುತು ಹಾಕಿ ಪಕ್ಕಕ್ಕಿಡುವ ವ್ಯವಸ್ಥೆ ಅಲ್ಲಿತ್ತು. ಕೋಟಿಗಟ್ಟಲೆ ಖರ್ಚಿನ ಉಪಗ್ರಹ ಕಂಡೂ ಕಾಣದ್ದನ್ನು ಹಿಮದಲ್ಲಿ ಕೂತವರ ಹಳೇ ಪೆಟ್ಟಿಗೆ ಹೇಳಿತು.

ಎರಡೇ ವರ್ಷ. 1987ರ ಸೆಪ್ಟೆಂಬರ್ 16ರಂದು ಮಾಂಟ್ರಿಯಲ್‌ನಲ್ಲಿ 24 ದೇಶಗಳು ಸಹಿ ಹಾಕಿದವು. ಧ್ರುವದ ಮೇಲಿನ ಓಝೋನ್ ಪದರದ ತೂತಿಗೆ ಸಿಎಫ್‌ಸಿಯೇ ಕಾರಣ ಅಂತ ಪೂರ್ತಿ ಸಾಬೀತಾಗುವ ಮೊದಲೇ ಸಹಿ ಬಿತ್ತು ಅನ್ನೋದನ್ನು ಮರೆಯಬಾರದು. ಎಲ್ಲರೂ ಅಷ್ಟು ಗಂಭೀರವಾಗಿ ತಗೊಂಡಿದ್ದರು ಅಂತೇನೂ ಅಲ್ಲ. ರೇಗನ್ ಸರ್ಕಾರದ ಸಚಿವರೊಬ್ಬರು ಟೋಪಿ, ತಂಪು ಕನ್ನಡಕ ಹಾಕಿಕೊಂಡರಾಯಿತು ಅಂದರಂತೆ ಎಂಬ ಸುದ್ದಿ ಅದೇ ವರ್ಷ ಪತ್ರಿಕೆಗಳಲ್ಲಿ ಬಂದು ನಗೆಪಾಟಲಾಗಿತ್ತು. ಆದರೂ ರೇಗನ್ ಒಪ್ಪಿದರು. ಸ್ವತಃ ರಸಾಯನಶಾಸ್ತ್ರ ಓದಿದ್ದ ಬ್ರಿಟನ್ನಿನ ಥ್ಯಾಚರ್ ಒಪ್ಪಿದರು. ಮಾರುಕಟ್ಟೆಗೆ ಕಡಿವಾಣ ಅಂದರೆ ಸಿಡುಕುತ್ತಿದ್ದ ಇಬ್ಬರು ನಾಯಕರು ಇವರು.

ಜಗತ್ತಿನಲ್ಲೇ ಅತಿ ಜಾಸ್ತಿ ಸಿಎಫ್‌ಸಿ ಮಾಡುತ್ತಿದ್ದ ಡುಪಾಂಟ್ ಕಂಪನಿ ಕೂಡ ಬಗ್ಗಿತು. ಹೃದಯ ಕರಗಿ ಅಲ್ಲ. ಬದಲಿ ಗ್ಯಾಸ್ ಮಾಡೋದು ತನಗೆ ಸಾಧ್ಯ, ಎಲ್ಲರಿಗೂ ಒಂದೇ ನಿಯಮ ಬಂದರೆ ಅದನ್ನು ಒಳ್ಳೇ ಬೆಲೆಗೆ ಮಾರಬಹುದು ಅನ್ನೋ ಲೆಕ್ಕ ಅದಕ್ಕೆ ಸಿಕ್ಕಿತ್ತು. ಇದನ್ನು ಕೆಲವರು ಕಂಪನಿಯ ಕುಟಿಲತೆ ಅಂತ ಬೈಯುತ್ತಾರೆ. ಇರಬಹುದು. ಆದರೆ ಲಾಭದ ದಾರಿಯೂ ಸರಿಯಾದ ದಾರಿಯೂ ಒಂದೇ ಕಡೆ ತಿರುಗಿದರೆ ನಾನು ಜಾಸ್ತಿ ಪ್ರಶ್ನೆ ಕೇಳೋಕೆ ಹೋಗಲ್ಲ.

ಇಲ್ಲಿ ನಮ್ಮ ದೇಶದ ಪಾತ್ರ ಬರುತ್ತದೆ, ಇದನ್ನು ನಮ್ಮವರೇ ಜಾಸ್ತಿ ಹೇಳಿಕೊಳ್ಳೋದಿಲ್ಲ. ಮಾಂಟ್ರಿಯಲ್ ಒಪ್ಪಂದಕ್ಕೆ ಭಾರತ, ಚೀನಾ ಎರಡೂ ಮೊದಲು ಸೇರಲಿಲ್ಲ. ವಾದ ಸರಳ. ತೂತು ಮಾಡಿದವರು ನೀವು. ನಮ್ಮ ಊರುಗಳಲ್ಲಿ ಈಗ ತಾನೇ ಬೀದಿಗೊಂದು ಫ್ರಿಡ್ಜ್ ಬರುತ್ತಿದೆ. ದುಬಾರಿ ಗ್ಯಾಸ್, ಹೊಸ ಯಂತ್ರ, ಪರವಾನಗಿ, ಇದಕ್ಕೆಲ್ಲ ದುಡ್ಡು ಯಾರು ಕೊಡ್ತೀರಿ? 1990ರ ಲಂಡನ್ ಸಭೆಯಲ್ಲಿ ಆಗಿನ ಪರಿಸರ ಸಚಿವೆ ಮೇನಕಾ ಗಾಂಧಿ ಈ ಪ್ರಶ್ನೆಯನ್ನು ಪಟ್ಟು ಹಿಡಿದು ಕೇಳಿದರು. ಶ್ರೀಮಂತ ದೇಶಗಳಿಗೆ ಬೇರೆ ದಾರಿ ಇರಲಿಲ್ಲ. ಭಾರತ, ಚೀನಾ ಹೊರಗೇ ಉಳಿದು ಕೋಟಿಗಟ್ಟಲೆ ಫ್ರಿಡ್ಜ್ ಮಾಡಿದರೆ ಒಪ್ಪಂದ ನೀರಿನಲ್ಲಿ ಹೋಮ. ಹಾಗಾಗಿ ಬಹುಪಕ್ಷೀಯ ನಿಧಿ ಅಂತ ಒಂದನ್ನು ಕಟ್ಟಿದರು. ಶುರುವಿಗೆ 16 ಕೋಟಿ ಡಾಲರ್, ಭಾರತ ಮತ್ತು ಚೀನಾ ಸೇರಿದರೆ 24 ಕೋಟಿ. ಈ ಎರಡೂ ದೇಶಗಳು ಬರದಿದ್ದರೆ ನಡೆಯಲ್ಲ ಅನ್ನೋದನ್ನು ಅಂಕಿಯಲ್ಲೇ ಬರೆದುಕೊಂಡ ಹಾಗೆ. ಬಡ ದೇಶಗಳಿಗೆ ಹತ್ತು ವರ್ಷ ಹೆಚ್ಚಿನ ಗಡುವೂ ಸಿಕ್ಕಿತು. ಭಾರತ 1992ರಲ್ಲಿ ಸೇರಿತು, 2008ರ ಆಗಸ್ಟ್ ಹೊತ್ತಿಗೆ ಆಸ್ತಮಾ ಇನ್ಹೇಲರಿಗೆ ಬೇಕಾದಷ್ಟು ಬಿಟ್ಟು ಸಿಎಫ್‌ಸಿ ತಯಾರಿಕೆಯನ್ನೇ ನಿಲ್ಲಿಸಿತು. ಕೊಟ್ಟ ಗಡುವಿಗಿಂತ ಒಂದು ವರ್ಷಕ್ಕೂ ಮುಂಚೆ!

ಬೆಣ್ಣೆ ತೋರಿಸಿದ್ದಷ್ಟೇ ಅಲ್ಲ, ಬೆತ್ತವೂ ಇತ್ತು. ಒಪ್ಪಂದದೊಳಗಿನ ದೇಶಗಳು ಹೊರಗಿನವರ ಜೊತೆ ಈ ಗ್ಯಾಸುಗಳ ವ್ಯಾಪಾರ ಮಾಡುವ ಹಾಗಿಲ್ಲ ಎಂಬ ನಿಯಮ ಹಾಕಿದ್ದರು. ಹೊರಗಿದ್ದು ಕೊಬ್ಬಿ ಬೆಳೆಯೋಣ ಅಂದುಕೊಂಡವರಿಗೆ ಕೊಳ್ಳುವ ಗಿರಾಕಿಯೇ ಇಲ್ಲ.

ಇನ್ನು ಕಳ್ಳತನ. ಇಷ್ಟು ದೇಶ ಸೇರಿದ ಮೇಲೆ ಒಬ್ಬರಾದರೂ ಕದಿಯದೆ ಇರುತ್ತಾರಾ? 2018ರಲ್ಲಿ ವಿಜ್ಞಾನಿಗಳಿಗೆ ಒಂದು ವಿಚಿತ್ರ ಕಂಡಿತು. ಸಿಎಫ್‌ಸಿ-11 ಎಂಬ ಗ್ಯಾಸು ಗಾಳಿಯಲ್ಲಿ ಇಳಿಯಬೇಕಾದಷ್ಟು ಬೇಗ ಇಳಿಯುತ್ತಿಲ್ಲ. ಅಂದರೆ ಯಾರೋ ಹೊಸದಾಗಿ ಮಾಡುತ್ತಿದ್ದಾರೆ. ಹವಾಯಿಯ ಮೌನಾ ಲೋವಾದಲ್ಲಿ ಸುಳಿವು ಸಿಕ್ಕಿತು. ಆಮೇಲೆ ದಕ್ಷಿಣ ಕೊರಿಯಾದ ಗೊಸಾನ್, ಜಪಾನಿನ ಹಟೆರುಮಾ ಕೇಂದ್ರಗಳ ಅಳತೆ ನೋಡಿ, ಗಾಳಿ ಯಾವ ಕಡೆಯಿಂದ ಬೀಸಿದಾಗ ಗ್ಯಾಸ್ ಜಾಸ್ತಿಯಾಗುತ್ತದೆ ಅಂತ ಹಿಡಿದು, ಪೂರ್ವ ಚೀನಾದತ್ತ ಬೆರಳು ತೋರಿಸಿದರು. ಅಲ್ಲಿ ಫೋಮ್ ತಯಾರಿಸಲು ಕದ್ದು ಬಳಸುತ್ತಿದ್ದರು. ಚೀನಾ ಸರ್ಕಾರ ದಾಳಿ ನಡೆಸಿತು. ಕೆಲವೇ ವರ್ಷಗಳಲ್ಲಿ ಆ ಗ್ಯಾಸ್ ಹೊರಬೀಳೋದು ಮತ್ತೆ ಇಳಿಯಿತು. ಜಗತ್ತು ಒಂದಾಗಿದೆ ಅನ್ನೋಕೆ ನನಗೆ ಇದಕ್ಕಿಂತ ಒಳ್ಳೇ ಸಾಕ್ಷಿ ಬೇರೆ ಬೇಡ. ಯಾರೂ ಯುದ್ಧ ಮಾಡಲಿಲ್ಲ, ಬರೀ ಗಾಳಿ ಅಳೆದು ಕಳ್ಳನ ಬೀದಿವರೆಗೆ ಹೋದರು.

ಫಲ ಏನು? ವಿಶ್ವಸಂಸ್ಥೆಯ 2022ರ ಮೌಲ್ಯಮಾಪನದ ಪ್ರಕಾರ ಓಝೋನ್ ಪದರ ಜಗತ್ತಿನ ಬಹುಪಾಲು ಕಡೆ 2040ರ ಸುಮಾರಿಗೆ, ಉತ್ತರ ಧ್ರುವದ ಮೇಲೆ 2045ಕ್ಕೆ, ಅಂಟಾರ್ಕ್ಟಿಕಾದ ಮೇಲೆ 2066ಕ್ಕೆ 1980ರ ಮಟ್ಟಕ್ಕೆ ಮರಳಲಿದೆ. ಭೂಮಿ ಸಹಿಸಬಲ್ಲ ಮಿತಿಗಳು ಅಂತ ವಿಜ್ಞಾನಿಗಳು ಒಂಬತ್ತನ್ನು ಪಟ್ಟಿ ಮಾಡಿದ್ದಾರೆ. 2025ರ ಲೆಕ್ಕದಲ್ಲಿ ಅದರಲ್ಲಿ ಏಳನ್ನು ನಾವು ದಾಟಿಬಿಟ್ಟಿದ್ದೇವೆ. ಇನ್ನೂ ದಾಟದೆ ಉಳಿದಿರುವ ಎರಡರಲ್ಲಿ ಓಝೋನ್ ಒಂದು.

ಹಾಗಾದರೆ ಹವಾಮಾನದ ವಿಷಯದಲ್ಲಿ ಇದೇ ಆಟ ಯಾಕೆ ನಡೆಯುತ್ತಿಲ್ಲ? ಹವಾಮಾನಕ್ಕೂ ಒಪ್ಪಂದಗಳೇನೋ ಆದವು, 1992ರಲ್ಲಿ ರಿಯೊ, 1997ರಲ್ಲಿ ಕ್ಯೋಟೊ, 2015ರಲ್ಲಿ ಪ್ಯಾರಿಸ್. ಚಾರ್ಲ್ಸ್ ಕೀಲಿಂಗ್ 1958ರಲ್ಲಿ ಅದೇ ಮೌನಾ ಲೋವಾದಲ್ಲಿ ಅಳೆಯಲು ಶುರು ಮಾಡಿದಾಗ ಗಾಳಿಯ ಹತ್ತು ಲಕ್ಷ ಭಾಗದಲ್ಲಿ ಸುಮಾರು 315 ಭಾಗ ಇಂಗಾಲದ ಡೈಆಕ್ಸೈಡ್ ಇತ್ತು. 2025ರ ಮೇ ತಿಂಗಳಲ್ಲಿ ಅದು 430 ದಾಟಿತು. ಇಷ್ಟು ಸಭೆಗಳು ನಡೆದರೂ ಆ ಗೆರೆ ಒಂದು ವರ್ಷವೂ ತಲೆ ಬಗ್ಗಿಸಲಿಲ್ಲ.

ಅಳತೆ ಇಲ್ಲ ಅನ್ನೋ ಹಾಗಿಲ್ಲ, ಅಳತೆ ಓಝೋನಿಗಿಂತ ಚೆನ್ನಾಗಿದೆ. ತೊಡಕು ಬೇರೆ ಕಡೆ ಇದೆ. ಸಿಎಫ್‌ಸಿ ಮಾಡುತ್ತಿದ್ದ ದೊಡ್ಡ ಕಂಪನಿಗಳು ಬೆರಳೆಣಿಕೆಯಷ್ಟು. ಅದು ಬದುಕಿನ ಒಂದು ಮೂಲೆಯ ಸಾಮಾನು. ಕಲ್ಲಿದ್ದಲು, ಎಣ್ಣೆ, ಗ್ಯಾಸು ಹಾಗಲ್ಲ. ಜಗತ್ತು ಬಳಸುವ ಶಕ್ತಿಯಲ್ಲಿ ಐದರಲ್ಲಿ ನಾಲ್ಕು ಪಾಲು ಇವತ್ತಿಗೂ ಅದರಿಂದಲೇ ಬರುತ್ತದೆ. ಹೊಲದ ಗೊಬ್ಬರ, ಮನೆಯ ಸಿಮೆಂಟು, ಲಾರಿ, ವಿಮಾನ, ಎಲ್ಲದರಲ್ಲೂ ಅದಿದೆ. ಬದಲಿ ಇಲ್ಲದ ವಸ್ತುವಿಗೆ ಜಗಳ ಬಿದ್ದರೆ ಏನಾಗುತ್ತದೆ ಅಂತ ನಮಗೆ ಗೊತ್ತಿಲ್ಲವೇ? 1892ರಲ್ಲಿ ಒಂದು ಒಪ್ಪಂದ, 1924ರಲ್ಲಿ ಇನ್ನೊಂದು, 1990ರಲ್ಲಿ ನ್ಯಾಯಮಂಡಳಿ, 2018ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು. ಅದೇ ಕಾವೇರಿ. ಮಳೆ ಬಂದ ವರ್ಷ ಎಲ್ಲರೂ ಸ್ನೇಹಿತರು, ಬರದ ವರ್ಷ ಬೆಂಗಳೂರು ಬಂದ್. ಒಂದೇ ದೇಶ, ಒಂದೇ ಸಂವಿಧಾನದೊಳಗೆ ಇದು ಪರಿಸ್ಥಿತಿ. ನೀರಿಗೆ ಆರ್-600ಎ ಅಂತ ಇನ್ನೊಂದು ಇಲ್ಲ, ಅಷ್ಟೇ.

ಆದರೆ ಶಕ್ತಿಗೆ ಈಗ ಬದಲಿ ಬಂದಿದೆ. 2010ರ ನಂತರದ ಹತ್ತು ವರ್ಷದಲ್ಲಿ ಸೋಲಾರ್ ಪ್ಯಾನೆಲ್ ಬೆಲೆ ಶೇ. 90ರಷ್ಟು ಬಿತ್ತು. ಅದನ್ನು ಕಣ್ಣಾರೆ ನೋಡೋಕೆ ದೂರ ಹೋಗಬೇಕಿಲ್ಲ, ಪಾವಗಡಕ್ಕೆ ಹೋದರೆ ಸಾಕು. ಸುಮಾರು 13,000 ಎಕರೆ, 2,050 ಮೆಗಾವ್ಯಾಟ್. ಅಲ್ಲಿ ಮೆಚ್ಚಬೇಕಾದದ್ದು ಪ್ಯಾನೆಲ್ಲಿಗಿಂತ ಜಮೀನಿನ ಕರಾರು. ರೈತರ ಭೂಮಿಯನ್ನು ಕಿತ್ತುಕೊಳ್ಳಲಿಲ್ಲ, ಎಕರೆಗೆ ವರ್ಷಕ್ಕೆ ಸುಮಾರು 21,000 ರೂಪಾಯಿ ಲೆಕ್ಕದಲ್ಲಿ ಗುತ್ತಿಗೆಗೆ ತಗೊಂಡರು. ಬರದ ಸೀಮೆಯಲ್ಲಿ ಕಡಲೆಕಾಯಿ ಬಿತ್ತಿ ಆಕಾಶ ನೋಡುತ್ತಿದ್ದವರಿಗೆ ಅದು ಬತ್ತದ ಬಾವಿಯಂಥ ಆದಾಯ. ಆದರೆ ಸ್ವಂತ ಜಮೀನಿಲ್ಲದೆ ಅದೇ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದವರಿಗೆ ಗುತ್ತಿಗೆ ಹಣವೂ ಇಲ್ಲ, ಕಳೆ ಕೀಳುವ ಕೆಲಸವೂ ಇಲ್ಲ. ಲಂಡನ್ ಸಭೆಯ ಪ್ರಶ್ನೆಯನ್ನೇ ಇಲ್ಲೂ ಕೇಳಬಹುದು. ಬದಲಾವಣೆ ಆಯಿತು ಸರಿ, ಅದರ ಬಿಲ್ ಯಾರ ಕೈಗೆ ಬಂತು?

ಹವಾಮಾನದ ಸಭೆಗಳು ಮುರಿಯುವುದು ಇದೇ ಬಿಲ್ಲಿನ ಮೇಲೆ. ಇದುವರೆಗೆ ಗಾಳಿಗೆ ಬಿದ್ದ ಇಂಗಾಲದಲ್ಲಿ ಅಮೆರಿಕ ಒಂದರದ್ದೇ ಕಾಲು ಪಾಲು. ಜಗತ್ತಿನ ಆರರಲ್ಲೊಬ್ಬರು ವಾಸಿಸುವ ಭಾರತದ್ದು ಶೇ. 4ರ ಆಸುಪಾಸು. 2009ರಲ್ಲಿ ಕೋಪನ್‌ಹೇಗನ್‌ನಲ್ಲಿ ಶ್ರೀಮಂತ ದೇಶಗಳು 2020ರ ಹೊತ್ತಿಗೆ ವರ್ಷಕ್ಕೆ 10,000 ಕೋಟಿ ಡಾಲರ್ ಕೊಡುತ್ತೇವೆ ಎಂದವು. ಆ ಮೊತ್ತ ಮುಟ್ಟಿದ್ದು 2022ರಲ್ಲಿ, ಅದರಲ್ಲೂ ದೊಡ್ಡ ಪಾಲು ಸಾಲ. ಸಾಲ ಕೊಟ್ಟು ಸಹಾಯ ಅನ್ನೋದು ಹಳ್ಳಿ ಸಾಹುಕಾರನಿಗೂ ಗೊತ್ತಿದ್ದ ವಿದ್ಯೆ. 2024ರಲ್ಲಿ ಬಾಕುವಿನಲ್ಲಿ ಮೊತ್ತವನ್ನು 2035ರ ಹೊತ್ತಿಗೆ 30,000 ಕೋಟಿ ಡಾಲರಿಗೆ ಏರಿಸುವ ಮಾತು ಕೊಟ್ಟರು. ಬಡ ದೇಶಗಳು ಕೇಳಿದ್ದು ಲಕ್ಷ ಕೋಟಿ ಡಾಲರಿಗೂ ಮೇಲೆ. ಸುತ್ತಿಗೆ ಬಡಿದು ತೀರ್ಮಾನ ಆಯಿತು ಎಂದಮೇಲೆ ಭಾರತದ ಪ್ರತಿನಿಧಿ ಎದ್ದು ನಿಂತು ಇದು ಬರೀ ಕಣ್ಕಟ್ಟು ಎಂಬರ್ಥದಲ್ಲಿ ವಿರೋಧಿಸಿದರು. 2025ರ ಜನವರಿಯಲ್ಲಿ ಅಮೆರಿಕ ಎರಡನೇ ಸಲ ಪ್ಯಾರಿಸ್ ಒಪ್ಪಂದದಿಂದ ಹೊರಬರುವ ಆದೇಶಕ್ಕೆ ಸಹಿ ಹಾಕಿತು.

ಇದನ್ನೆಲ್ಲ ನೋಡಿ ಜಗತ್ತು ಕೆಟ್ಟುಹೋಯಿತು ಅಂತ ಕೂರೋದು ಸುಲಭ. ನಾನು ಹಾಗೆ ನೋಡಲ್ಲ. ಮನುಷ್ಯರ ಮನಸ್ಸು ಒಂದಾದ ಮೇಲೆ ಜಗತ್ತು ಒಂದಾಗುತ್ತದೆ ಅಂತ ಕಾಯುವವರಿಗೆ ನಿರಾಶೆ ಖಾತ್ರಿ. ಆದರೆ ಮನಸ್ಸು ಒಂದಾಗದೆಯೇ ಎಷ್ಟೋ ಕೆಲಸ ಆಗಿದೆ. ದೇಶ ದೇಶಗಳ ನಡುವೆ ಕಾಗದ ತಲುಪಿಸುವ ಜಾಗತಿಕ ಅಂಚೆ ಒಕ್ಕೂಟ 1874ರಿಂದ ನಡೆಯುತ್ತಿದೆ, ಎರಡು ಮಹಾಯುದ್ಧ ದಾಟಿಕೊಂಡು. ಸಿಡುಬನ್ನು ಅಳಿಸಿಹಾಕಿದ್ದು ಶೀತಲ ಸಮರದ ನಡುವೆ. 1958ರಲ್ಲಿ ಪ್ರಸ್ತಾಪ ಇಟ್ಟದ್ದು ಸೋವಿಯತ್ ಒಕ್ಕೂಟ, ದುಡಿದವರಲ್ಲಿ ಅಮೆರಿಕದವರೂ ಇದ್ದರು, 1980ರಲ್ಲಿ ರೋಗ ಮುಗಿಯಿತು ಎಂದು ಘೋಷಿಸಿದರು. ಆಗ ಎರಡೂ ದೇಶಗಳು ಒಂದರ ಮೇಲೊಂದು ಸಾವಿರಾರು ಅಣುಬಾಂಬ್ ಗುರಿಯಿಟ್ಟುಕೊಂಡಿದ್ದವು. ಈಗಲೂ ಸೋಲು ಗೆಲುವು ಎರಡೂ ಇದೆ. ಪ್ಲಾಸ್ಟಿಕ್ ಒಪ್ಪಂದ 2024ರಲ್ಲಿ ಬುಸಾನ್‌ನಲ್ಲಿ, 2025ರಲ್ಲಿ ಜಿನೀವಾದಲ್ಲಿ ಬಿದ್ದುಹೋಯಿತು. ಅದೇ 2025ರ ಸೆಪ್ಟೆಂಬರಿನಲ್ಲಿ ಯಾವ ದೇಶಕ್ಕೂ ಸೇರದ ಆಳ ಸಮುದ್ರದ ಒಪ್ಪಂದಕ್ಕೆ ಬೇಕಾದ 60 ಅನುಮೋದನೆ ಸಿಕ್ಕಿತು. ಸಾಗರದ ಮೂರರಲ್ಲಿ ಎರಡು ಪಾಲಿಗೆ 2026ರ ಜನವರಿಯಿಂದ ಒಂದು ಕಾನೂನು ಬಂದಿದೆ.

ಮತ್ತೆ ಗ್ಯಾಸಿಗೆ ಬರೋಣ, ಯಾಕೆಂದರೆ ಈ ಕಥೆ ಮುಗಿದಿಲ್ಲ. ಸಿಎಫ್‌ಸಿ ಬದಲಿಗೆ ಬಂದ ಎಚ್‌ಎಫ್‌ಸಿಗಳು ಓಝೋನಿಗೆ ಏನೂ ಮಾಡಲ್ಲ, ಆದರೆ ಭೂಮಿಯನ್ನು ಬಿಸಿ ಮಾಡುತ್ತವೆ. ಹೊಸ ಎಸಿಗಳಲ್ಲಿ ಸಾಮಾನ್ಯವಾಗಿರುವ ಆರ್-32 ಎಂಬ ಎಚ್‌ಎಫ್‌ಸಿ ಅದೇ ತೂಕದ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 675 ಪಟ್ಟು ಶಾಖ ಹಿಡಿದಿಡುತ್ತದೆ. ಅದಕ್ಕೇ 2016ರಲ್ಲಿ ರುವಾಂಡಾದ ಕಿಗಾಲಿಯಲ್ಲಿ ಮಾಂಟ್ರಿಯಲ್ ಒಪ್ಪಂದಕ್ಕೆ ತಿದ್ದುಪಡಿ ತಂದರು. ಇದು ಪೂರ್ತಿ ಜಾರಿಯಾದರೆ ಶತಮಾನದ ಕೊನೆಗೆ ಅರ್ಧ ಡಿಗ್ರಿಯವರೆಗೆ ತಾಪ ಏರೋದು ತಪ್ಪುತ್ತದೆ. ಭಾರತ 2021ರಲ್ಲಿ ಅನುಮೋದಿಸಿತು. 2028ರಲ್ಲಿ ನಮ್ಮ ಬಳಕೆಗೆ ಮಿತಿ ಬೀಳುತ್ತದೆ, 2047ಕ್ಕೆ ಶೇ. 85ರಷ್ಟು ಇಳಿಸಬೇಕು.

ಈ ಹೊತ್ತಿಗೇ ನಾವು ವರ್ಷಕ್ಕೆ ಒಂದು ಕೋಟಿಗೂ ಜಾಸ್ತಿ ಎಸಿ ಕೊಳ್ಳುತ್ತಿದ್ದೇವೆ. ಫ್ಯಾನ್ ಕೂಡ ಬೇಡ ಎಂದು ಜಂಬ ಕೊಚ್ಚಿಕೊಳ್ಳುತ್ತಿದ್ದ ಬೆಂಗಳೂರಿನಲ್ಲಿ 2024ರ ಏಪ್ರಿಲ್ 28ರಂದು 38.5 ಡಿಗ್ರಿ ದಾಖಲಾಯಿತು. ಮರುದಿನ ಎಸಿ ಅಂಗಡಿಗೆ ಓಡಿದವರನ್ನು ಬೈಯೋ ಮುಖ ನನಗಿಲ್ಲ, ನಮ್ಮ ಮನೆಗೂ ಆ ವರ್ಷವೇ ಬಂತು.

ಕಳೆದ ಬೇಸಿಗೆಯಲ್ಲಿ ಪಕ್ಕದ ಮನೆಯವರು ಹಳೇ ಎಸಿ ತೆಗೆಸಿದರು. ಆರ್-22 ಇದ್ದ ಹಳೇ ಯಂತ್ರ, ಓಝೋನಿಗೂ ಕೆಟ್ಟದ್ದು, ತಾಪಕ್ಕೂ ಕೆಟ್ಟದ್ದು. ಬಂದ ಹುಡುಗ ಸ್ಪ್ಯಾನರ್ ಹಾಕಿ ಪೈಪ್ ಸಡಿಲಿಸಿದ. ಬುಸ್ಸಂತ ಎರಡು ಮೂರು ನಿಮಿಷ ಗ್ಯಾಸ್ ಬಾಲ್ಕನಿಯಿಂದ ಹೊರಗೆ ಹೋಯಿತು. ಅದನ್ನು ಹಿಡಿದು ಸಿಲಿಂಡರಿಗೆ ತುಂಬುವ ಮಷೀನ್ ಇರುತ್ತಲ್ಲಪ್ಪ ಅಂತ ಕೇಳಿದೆ. "ಇರುತ್ತೆ ಸಾರ್, ದೊಡ್ಡ ಕಾಂಟ್ರಾಕ್ಟಲ್ಲಿ ಮಾತ್ರ ತರ್ತೀವಿ. ಒಂದು ಮನೆಗೆ ಅಂತ ತಂದ್ರೆ ಅದರ ಚಾರ್ಜು ನೀವು ಕೊಡ್ತೀರಾ?" ಅಂದ. ಪಕ್ಕದ ಮನೆಯವರು ನನ್ನ ಮುಖ ನೋಡಿದರು. ನಾನು ಅವರ ಮುಖ ನೋಡಿದೆ.